ರಜೆಯಲ್ಲಿ ಮಗು ಎಲ್ಲಿರುತ್ತದೆ? ಬರದ ವರ್ಷದಲ್ಲಿ ಒಂದು ಸರ್ಕಾರಿ ಶಾಲೆಯ ಬೇಸಿಗೆ ಸಿದ್ಧತೆ

2024ರ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ ಇತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದ ವರ್ಷ ಅದು. ಹೀಗಾಗಿ ಆ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸರ್ಕಾರ ತೀರ್ಮಾನಿಸಿತು. ಭಾನುವಾರಗಳನ್ನು ಕಳೆದರೆ 41 ದಿನ. ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಈ 41 ದಿನಗಳಿಗೆ ಹೇಗೆ ಸಿದ್ಧವಾಯಿತು, ಆ ಸಿದ್ಧತೆ ಎಲ್ಲಿ ಫಲ ಕೊಟ್ಟಿತು, ಎಲ್ಲಿ ಸಾಲದೇ ಹೋಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮಕ್ಕಳ ಮನೆಯೊಳಗಿನ ಸಂಗತಿಗಳು ಬರುವುದರಿಂದ ಊರಿನ ಹೆಸರು, ಜನರ ಹೆಸರು ಯಾವುದನ್ನೂ ಹಾಕಿಲ್ಲ.

ಒಂದರಿಂದ ಏಳನೇ ತರಗತಿಯವರೆಗಿನ ಶಾಲೆ ಅದು. ನೂರಕ್ಕೆ ಮೇಲ್ಪಟ್ಟು ಮಕ್ಕಳು, ಒಬ್ಬರು ಮುಖ್ಯ ಶಿಕ್ಷಕಿ, ಇಬ್ಬರು ಕಾಯಂ ಶಿಕ್ಷಕರು, ಒಬ್ಬ ಅತಿಥಿ ಶಿಕ್ಷಕ, ಮೂವರು ಅಡುಗೆಯವರು. ಊರಿನ ಹೊಲಗಳು ಬಹುಪಾಲು ಮಳೆಯನ್ನೇ ನಂಬಿದವು. ತೊಗರಿ, ಹತ್ತಿ, ಸಜ್ಜೆ ಬೆಳೆಯುತ್ತಾರೆ. 2023ರಲ್ಲಿ ಮಳೆ ಕೈಕೊಟ್ಟಿತು. ದೀಪಾವಳಿ ಮುಗಿಯುತ್ತಿದ್ದಂತೆ ಒಂದೊಂದೇ ಮನೆಗೆ ಬೀಗ ಬಿದ್ದು ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಟರು. ಕೆಲವರು ಮಕ್ಕಳನ್ನು ಕರೆದುಕೊಂಡು ಹೋದರು, ಕೆಲವರು ಅಜ್ಜ ಅಜ್ಜಿಯ ಬಳಿ ಬಿಟ್ಟು ಹೋದರು. ಮಧ್ಯಾಹ್ನದ ಬಿಸಿಯೂಟವೇ ದಿನದ ಗಟ್ಟಿ ಊಟವಾಗಿದ್ದ ಮಕ್ಕಳು ಆ ಶಾಲೆಯಲ್ಲಿ ಕಡಿಮೆ ಇರಲಿಲ್ಲ.

ಬರದ ಬೇಸಿಗೆಯಲ್ಲಿ ಮಕ್ಕಳಿಗೆ ಊಟ ಕೊಡುವುದು ಆ ವರ್ಷ ಹೊಸದಾಗಿ ಹುಟ್ಟಿದ ಯೋಚನೆಯಲ್ಲ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತ್ತು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಅದು ನಿಲ್ಲಬಾರದೆಂದು 2004ರ ಏಪ್ರಿಲ್‌ನಲ್ಲಿ ಹೇಳಿತು, 2016ರ ಮೇ ತಿಂಗಳಲ್ಲಿ ಸ್ವರಾಜ್ ಅಭಿಯಾನ ಎಂಬ ಸಂಘಟನೆಯ ಅರ್ಜಿಯಲ್ಲಿ ಮತ್ತೆ ಹೇಳಿತು. ಕರ್ನಾಟಕದಲ್ಲಿ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದದ್ದೂ ಉತ್ತರ ಭಾಗದ ಏಳು ಜಿಲ್ಲೆಗಳಲ್ಲೇ. ಊಟದ ಹಕ್ಕು ಕಾಗದದ ಮೇಲೆ ಗಟ್ಟಿಯಾಗಿಯೇ ಇತ್ತು. ಬಾಗಿಲು ಮುಚ್ಚಿದ ಶಾಲೆಯೊಂದು ಚದುರಿಹೋದ ಮಕ್ಕಳಿಗೆ ಅದನ್ನು ಮುಟ್ಟಿಸುವುದು ಹೇಗೆ ಎಂಬುದು ಆ ಊರಿನವರು ಬಿಡಿಸಬೇಕಾಗಿದ್ದ ಗಂಟು.

ಎಲ್ಲವೂ ಒಟ್ಟಿಗೆ ಬಂದ ಮಾರ್ಚ್

ಸಿದ್ಧತೆಗೆ ಸಮಯವೇ ಸಿಗದಂಥ ವರ್ಷ ಅದು. ಐದನೇ ತರಗತಿಯ ಮೌಲ್ಯಾಂಕನ ಪರೀಕ್ಷೆ ಮಾರ್ಚ್ 11ಕ್ಕೆ ಶುರುವಾಗಿ ಮರುದಿನವೇ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು. ಹೈಕೋರ್ಟಿನ ವಿಭಾಗೀಯ ಪೀಠ 22ರಂದು ಒಪ್ಪಿಗೆ ಕೊಟ್ಟ ಮೇಲೆ 25ರಿಂದ ಉಳಿದ ಪತ್ರಿಕೆಗಳು ನಡೆದವು. ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜಾರಿಯಲ್ಲಿತ್ತು. ಉತ್ತರ ಕರ್ನಾಟಕದ ಮತದಾನ ಮೇ 7ಕ್ಕೆ ನಿಗದಿಯಾಗಿದ್ದರಿಂದ ಶಿಕ್ಷಕರಿಗೆ ಚುನಾವಣಾ ಕೆಲಸವೂ ತಪ್ಪುವಂತಿರಲಿಲ್ಲ. ಶಾಲೆಯ ಎರಡು ಕೊಠಡಿಗಳು ಮತಗಟ್ಟೆ. ಇನ್ನು ಏಪ್ರಿಲ್ 9ಕ್ಕೆ ಯುಗಾದಿ, 10ಕ್ಕೆ ಫಲಿತಾಂಶ, 11ಕ್ಕೆ ರಂಜಾನ್ ಹಬ್ಬ. ಅತಿಥಿ ಶಿಕ್ಷಕನ ಅವಧಿ ವರ್ಷದ ಕೊನೆಗೆ ಮುಗಿಯುತ್ತಿತ್ತು.

ರಜೆಯಲ್ಲಿ ಊಟಕ್ಕೆ ಬರುವ ಮಕ್ಕಳು ಯಾರು ಎಂಬ ಪಟ್ಟಿಯನ್ನು ಶಾಲೆ ಮೊದಲೇ ಮಾಡಿಕೊಳ್ಳಬೇಕಿತ್ತು. ಮುಖ್ಯ ಶಿಕ್ಷಕಿ ಪೋಷಕರ ಸಭೆ ಕರೆದು ಸಹಿ ಹಾಕಿಸಿಕೊಂಡರು. ಹೆಚ್ಚುಕಡಿಮೆ ಎಲ್ಲ ಮಕ್ಕಳ ಹೆಸರಿನ ಮುಂದೆಯೂ ಸಹಿಯೋ ಹೆಬ್ಬೆಟ್ಟೋ ಬಿತ್ತು. ಊಟ ಬೇಕೇ ಎಂದು ಕೇಳಿದರೆ ಬೇಡ ಎನ್ನುವ ತಾಯಿ ಆ ಊರಿನಲ್ಲಿ ಇರಲಿಲ್ಲ. ಊರಿನಲ್ಲಿ ಇಲ್ಲದ ಮನೆಯವರ ಪರವಾಗಿಯೂ ಅಜ್ಜನೋ ಚಿಕ್ಕಪ್ಪನೋ ಹೆಬ್ಬೆಟ್ಟು ಒತ್ತಿದ್ದರು.

ಆ ಪಟ್ಟಿ ಹಾಗೆಯೇ ಮೇಲಕ್ಕೆ ಹೋಗಿದ್ದರೆ ಈ ಪ್ರಕರಣ ಬರೆಯುವಂಥದ್ದು ಏನೂ ಇರುತ್ತಿರಲಿಲ್ಲ. ಅದನ್ನು ತಡೆದದ್ದು ಮುಖ್ಯ ಅಡುಗೆಯವರು. ಹೆಸರುಗಳನ್ನು ಓದಿಸಿಕೊಂಡು ಕೇಳಿದ ಅವರು, "ಅಕ್ಕೋರೇ, ಇದರಲ್ಲಿ ಅರ್ಧ ಮಕ್ಕಳು ಹಬ್ಬದ ಮರುದಿನ ಊರಿನಲ್ಲೇ ಇರುವುದಿಲ್ಲ. ಊರಿಗೆ ಬರುವ ಮಕ್ಕಳ ಹೆಸರು ಇದರಲ್ಲಿ ಇಲ್ಲವೇ ಇಲ್ಲ" ಎಂದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ ಮಕ್ಕಳಿಗೆ, ಅವರ ಅಕ್ಕ ಅಣ್ಣಂದಿರಿಗೆ ಬಡಿಸಿದ ಹೆಂಗಸು ಅವರು. ಯಾವ ಮನೆಯ ಒಲೆ ಯಾವ ತಿಂಗಳಲ್ಲಿ ಆರುತ್ತದೆ ಎಂಬುದು ಅವರಿಗೆ ಗೊತ್ತು. ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಈ ಘಳಿಗೆ. ಅಡುಗೆಯವರ ಮಾತಿಗೆ ಮುಖ್ಯ ಶಿಕ್ಷಕಿ ಕಿವಿಗೊಟ್ಟರು, ಸಹಿ ಬಿದ್ದ ಪಟ್ಟಿಯನ್ನು ಬದಿಗಿಟ್ಟರು.

ಏಳು ಡ್ರಾಯಿಂಗ್ ಹಾಳೆಗಳು

ಮುಂದಿನ ಕೆಲವು ಸಂಜೆಗಳಲ್ಲಿ ಶಿಕ್ಷಕರು, ಅಡುಗೆಯವರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಓಣಿಗಳನ್ನು ಹಂಚಿಕೊಂಡು ಮನೆ ಮನೆಗೆ ಹೋದರು. ತಂದ ವಿಷಯವನ್ನೆಲ್ಲ ತರಗತಿಗೆ ಒಂದರಂತೆ ಏಳು ಡ್ರಾಯಿಂಗ್ ಹಾಳೆಗಳ ಮೇಲೆ ಬರೆದು ಮುಖ್ಯ ಶಿಕ್ಷಕಿಯ ಕೊಠಡಿಯ ಗೋಡೆಗೆ ನೇತುಹಾಕಿದರು. ಬರೆದದ್ದು ಪೆನ್ಸಿಲ್‌ನಲ್ಲಿ, ಬದಲಾಯಿಸಬೇಕಾಗುತ್ತದೆ ಎಂದು ಗೊತ್ತಿದ್ದೇ. ಮಗುವಿನ ಹೆಸರಿನ ಮುಂದೆ ನಾಲ್ಕು ಅಂಕಣ. ಈಗ ಮನೆಯಲ್ಲಿ ಯಾರಿದ್ದಾರೆ? ಯುಗಾದಿಯಿಂದ ಬಸವ ಜಯಂತಿಯವರೆಗೆ ಮಗು ಎಲ್ಲಿ? ಬಸವ ಜಯಂತಿಯಿಂದ ಶಾಲೆ ತೆರೆಯುವವರೆಗೆ ಎಲ್ಲಿ? ಫೋನ್ ಯಾರ ಬಳಿ ಇದೆ? ತಾರೀಖಿನ ಬದಲು ಹಬ್ಬಗಳನ್ನು ಹಾಕಿದ್ದು ಬಹಳ ಉಪಯೋಗವಾಯಿತು. "ಏಪ್ರಿಲ್ ಕೊನೆಯಲ್ಲಿ ಎಲ್ಲಿರುತ್ತೀರಿ?" ಎಂದರೆ ತಡವರಿಸುವ ಅಜ್ಜಿ, ಯಾವ ಹಬ್ಬಕ್ಕೆ ಮಗ ಬರುತ್ತಾನೆ, ಯಾವ ಜಾತ್ರೆ ಮುಗಿಸಿ ಹೊರಡುತ್ತಾನೆ ಎಂಬುದನ್ನು ಥಟ್ಟನೆ ಹೇಳುತ್ತಾಳೆ.

ಹಾಳೆಗಳು ತುಂಬಿದಾಗ ಕಂಡ ಚಿತ್ರವೇ ಬೇರೆ. ಕೆಲವು ಮಕ್ಕಳು ರಜೆಯುದ್ದಕ್ಕೂ ಊರಿನಲ್ಲೇ ಇರುತ್ತಾರೆ. ಕೆಲವರು ಪರೀಕ್ಷೆ ಮುಗಿಯುವುದನ್ನೇ ಕಾಯುತ್ತಿದ್ದಾರೆ, ಹಬ್ಬ ಮುಗಿಸಿ ಅಪ್ಪ ಅಮ್ಮನ ಜತೆ ಬೆಂಗಳೂರಿನ ಬಸ್ ಹತ್ತುತ್ತಾರೆ. ಡಿಸೆಂಬರ್‌ನಿಂದ ಹಾಜರಾತಿಯಲ್ಲಿ ಗೈರಾಗಿದ್ದವರು ಯುಗಾದಿಗೆ ಊರಿಗೆ ಮರಳುತ್ತಾರೆ, ಮಳೆ ಬರುವವರೆಗೆ ಇಲ್ಲೇ ಇರುತ್ತಾರೆ. ಹಸಿವಿನ ಲೆಕ್ಕದಲ್ಲಿ ಈ ಕೊನೆಯವರೇ ಹೆಚ್ಚು ಕಷ್ಟದಲ್ಲಿದ್ದವರು, ಮೊದಲ ಪಟ್ಟಿಯಲ್ಲಿ ಬಿಟ್ಟುಹೋಗಿದ್ದವರೂ ಅವರೇ. ಇನ್ನು ಅಜ್ಜಿಯ ಊರಿಗೆ ಹೋಗುವವರು. ಅವರ ಪೈಕಿ ಬಹಳ ಮಕ್ಕಳು ಹೋಗುತ್ತಿದ್ದುದು ಬರಪೀಡಿತ ತಾಲ್ಲೂಕಿನ ಇನ್ನೊಂದು ಹಳ್ಳಿಗೇ. ಅಂಥವರ ಕೈಗೆ ಮುಖ್ಯ ಶಿಕ್ಷಕಿ ತಮ್ಮ ಸಹಿಯ ಚೀಟಿ ಬರೆದುಕೊಟ್ಟರು: ಈ ಮಗು ನಮ್ಮ ಶಾಲೆಯದು, ನಿಮ್ಮ ಊರಿನಲ್ಲಿ ಇರುವಷ್ಟು ದಿನ ನಿಮ್ಮ ಮಕ್ಕಳ ಪಂಕ್ತಿಯಲ್ಲಿ ಕೂರಿಸಿಕೊಳ್ಳಿ. ಇದಕ್ಕೆ ಯಾವ ಸುತ್ತೋಲೆಯ ಬಲವೂ ಇರಲಿಲ್ಲ. ಹೆಚ್ಚಿನ ಕಡೆ ಚೀಟಿ ನೋಡಿದವರು ಮಗುವನ್ನು ಕೂರಿಸಿಕೊಂಡರು.

ಪಟ್ಟಿ ಸರಿಯಾದ ಮೇಲೆ ಅಕ್ಕಿಯ ಲೆಕ್ಕ ಸರಿಯಾಯಿತು. ನಿಯಮದ ಪ್ರಕಾರ ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ. ಆರರಿಂದ ಮೇಲಿನವರಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ. ಚಿಕ್ಕವರು 60, ದೊಡ್ಡವರು 20 ಮಂದಿ ಬಂದರೆ ದಿನಕ್ಕೆ 9 ಕಿಲೋ ಅಕ್ಕಿ. 41 ದಿನಕ್ಕೆ 369 ಕಿಲೋ, ಎಂದರೆ 50 ಕಿಲೋದ ಏಳು ಚೀಲ ತುಂಬಿ ಮೇಲೊಂದಿಷ್ಟು. ಬೇಳೆ ಸುಮಾರು 74 ಕಿಲೋ. ಮೊದಲ ಪಟ್ಟಿಯಂತೆ ತರಿಸಿದ್ದರೆ ಚೀಲಗಳು ದಾಸ್ತಾನು ಕೋಣೆಯಲ್ಲಿ ಉಳಿದು, 43 ಡಿಗ್ರಿ ಸೆಕೆಯಲ್ಲಿ ನುಸಿ ಹಿಡಿಯುತ್ತಿದ್ದವು. ಚೀಲಗಳನ್ನು ನೆಲದಿಂದ ಎತ್ತರದಲ್ಲಿ ಹಲಗೆಗಳ ಮೇಲೆ, ಗೋಡೆಗೆ ತಾಗದಂತೆ ಇಟ್ಟರು. ನಡುವೆ ಒಣಗಿದ ಬೇವಿನ ಸೊಪ್ಪು. ಕೀಲಿಕೈ ಎರಡು: ಒಂದು ಮುಖ್ಯ ಅಡುಗೆಯವರ ಬಳಿ, ಇನ್ನೊಂದು ಎಸ್‌ಡಿಎಂಸಿ ಅಧ್ಯಕ್ಷರ ಬಳಿ.

ನೀರಿನದು ಬೇರೆಯದೇ ಕಷ್ಟ. ಶಾಲೆಯ ಕೊಳವೆಬಾವಿ ಫೆಬ್ರುವರಿಯಲ್ಲೇ ಬತ್ತಿತ್ತು. ಪಂಚಾಯಿತಿಯ ಟ್ಯಾಂಕರ್ ಊರಿಗೆ ಬರುವ ದಿನ ಮೊದಲು ಶಾಲೆಯ ತೊಟ್ಟಿ ತುಂಬಿಸಬೇಕೆಂದು ಊರಿನ ಹಿರಿಯರು ಕೂತು ಮಾತಾಡಿ ಒಪ್ಪಿಕೊಂಡರು. ಬರದಲ್ಲಿ ನೀರಿನ ಪಾಳಿ ಬಿಟ್ಟುಕೊಡುವುದು ಎಷ್ಟು ದೊಡ್ಡ ಮಾತು ಎಂಬುದನ್ನು ಕೊಡ ಹಿಡಿದು ಸಾಲಿನಲ್ಲಿ ನಿಂತವರು ಬಲ್ಲರು.

ಅಡುಗೆಯವರ ದುಡಿಮೆಯ ಪ್ರಶ್ನೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅವರಿಗೆ ಸಿಗುವುದು ಗೌರವಧನ, ಅದೂ ವರ್ಷಕ್ಕೆ 10 ತಿಂಗಳ ಲೆಕ್ಕದಲ್ಲಿ. ಬೇಸಿಗೆಯಲ್ಲಿ ಅವರೂ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುತ್ತಿದ್ದವರು. ಆ ಏಪ್ರಿಲ್‌ನಿಂದ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಆಗಿತ್ತು. ಮಕ್ಕಳಿಗೆ ಅಡುಗೆ ಮಾಡುವುದೆಂದರೆ ಆ ಕೂಲಿಯನ್ನು ಬಿಡುವುದು. ಮೂವರೂ ತಮ್ಮಲ್ಲೇ ಪಾಳಿ ಹಾಕಿಕೊಂಡು, ದಿನಕ್ಕೆ ಇಬ್ಬರು ಅಡುಗೆಗೆ, ಒಬ್ಬರು ಕೂಲಿಗೆ ಎಂದು ಹೊಂದಿಸಿಕೊಂಡರು. ಇಂಥ ವ್ಯವಸ್ಥೆ ಅವರ ಒಳ್ಳೆಯತನದ ಮೇಲೆ ನಿಂತಿರಬಾರದು. ರಜೆಯ ದಿನಗಳ ದುಡಿಮೆಗೆ ಸರಿಯಾದ ಕೂಲಿ, ಸಕಾಲದಲ್ಲಿ ಸಿಗುವುದು ನ್ಯಾಯ.

ಫಲಿತಾಂಶದ ದಿನ

ಏಪ್ರಿಲ್ 10ರಂದು 'ಸಮುದಾಯದತ್ತ ಶಾಲೆ'. ಪೋಷಕರು ಬಂದು ಮಕ್ಕಳ ಉತ್ತರ ಪತ್ರಿಕೆ ನೋಡುವ, ಅಂಕಪಟ್ಟಿ ಪಡೆಯುವ ದಿನ. ಆ ವರ್ಷ ಐದನೇ ತರಗತಿಯವರಿಗೆ ಮಾತ್ರ ಕೊಡಲು ಏನೂ ಇರಲಿಲ್ಲ. ಎರಡು ದಿನ ಮುಂಚೆ, 8ರಂದು, ಸುಪ್ರೀಂ ಕೋರ್ಟ್ ಆ ಫಲಿತಾಂಶಕ್ಕೆ ತಡೆ ಕೊಟ್ಟಿತ್ತು. ಹೊಸ ಬಟ್ಟೆ ಹಾಕಿಕೊಂಡು ಬಂದ ಮಕ್ಕಳಿಗೆ ಇದನ್ನು ಹೇಗೆ ಹೇಳುವುದು? ತರಗತಿ ಶಿಕ್ಷಕರು ವರ್ಷವಿಡೀ ಮಕ್ಕಳು ಬರೆದ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಹರಡಿ, ಜೂನ್‌ನ ಒಂದು ಪುಟ, ಫೆಬ್ರುವರಿಯ ಒಂದು ಪುಟ ಅಕ್ಕಪಕ್ಕ ತೆರೆದು ಪ್ರತಿ ತಾಯಿಗೂ ತೋರಿಸಿದರು. ಓದಲು ಬಾರದ ತಾಯಂದಿರಿಗೂ ಅಕ್ಷರ ದುಂಡಗಾದದ್ದು, ಸಾಲು ನೇರವಾದದ್ದು ಕಣ್ಣಿಗೇ ಕಾಣುತ್ತಿತ್ತು. ಅಂಕಪಟ್ಟಿ ಕೊಟ್ಟಿದ್ದರೆ ಇಷ್ಟು ಹೊತ್ತು ಅವರು ಕೂತು ನೋಡುತ್ತಿರಲಿಲ್ಲ ಎಂದೇ ನನ್ನ ಭಾವನೆ.

ಅದೇ ದಿನ ಗ್ರಂಥಾಲಯದ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಟ್ಟರು. ರಜೆಗೆ ಮುನ್ನ ಪುಸ್ತಕಗಳನ್ನೆಲ್ಲ ವಾಪಸು ಪಡೆದು ಕಪಾಟಿಗೆ ಬೀಗ ಹಾಕುವುದು ಬಹಳ ಶಾಲೆಗಳ ರೂಢಿ. ಇಲ್ಲಿ ತಿರುಗುಮುರುಗು ಮಾಡಿದರು. ಕಳೆದುಹೋದರೆ ಹೋಗಲಿ, ಓದಿ ಹರಿದರೆ ಹರಿಯಲಿ ಎಂಬ ತೀರ್ಮಾನ ಎಸ್‌ಡಿಎಂಸಿ ಸಭೆಯಲ್ಲೇ ಆಗಿತ್ತು. ಬೆಂಗಳೂರಿಗೆ ಹೊರಟಿದ್ದ ಮಕ್ಕಳಿಗೆ ಎರಡೆರಡು ಪುಸ್ತಕ.

ರಾಜಕೀಯ ಪಕ್ಷವೊಂದರ ಕಾರ್ಯಕರ್ತರು ಅದೇ ಸಂದರ್ಭದಲ್ಲಿ ತಟ್ಟೆ, ಲೋಟ ಹಂಚಲು ಮುಂದೆ ಬಂದರು. ನೀತಿಸಂಹಿತೆ ಇದೆ, ಚುನಾವಣೆ ಮುಗಿದ ಮೇಲೆ ಬನ್ನಿ ಎಂದು ಅಧ್ಯಕ್ಷರು ಕೈಮುಗಿದು ಕಳುಹಿಸಿದರು.

ಏಳನೇ ತರಗತಿಯ ಮಕ್ಕಳದು ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ. ಏಪ್ರಿಲ್‌ನಲ್ಲಿ ವರ್ಗಾವಣೆ ಪತ್ರ ಕೊಟ್ಟುಬಿಟ್ಟರೆ ಪ್ರೌಢಶಾಲೆಯಲ್ಲಿ ದಾಖಲಾಗುವವರೆಗೆ ಆ ಮಗು ಯಾವ ಶಾಲೆಯದೂ ಅಲ್ಲ. ಗೈರಾದರೆ ಕೇಳುವವರಿಲ್ಲ. ಹೆಣ್ಣುಮಕ್ಕಳು ಕೈತಪ್ಪಿ ಹೋಗುವುದು ಇದೇ ಸಂದಿಯಲ್ಲಿ. ಪಕ್ಕದ ಊರಿನ ಪ್ರೌಢಶಾಲೆಗೆ ಎಲ್ಲ ಮಕ್ಕಳನ್ನು ಒಟ್ಟಿಗೆ ಕರೆದುಕೊಂಡು ಹೋಗಿ ಸೇರಿಸುವುದು, ಅಲ್ಲಿಯವರೆಗೆ ಅವರ ಹೆಸರು ಗೋಡೆಯ ಹಾಳೆಯಲ್ಲೇ ಇರುವುದು ಎಂದು ಶಾಲೆ ನಿಶ್ಚಯಿಸಿತು.

ಆ ಹಾಳೆಯಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ, ಬಸವ ಜಯಂತಿಯ ಅಂಕಣದಲ್ಲಿ, 'ಅಕ್ಕನ ಮದುವೆ' ಎಂದು ಬರೆದಿತ್ತು. 2024ರಲ್ಲಿ ಬಸವ ಜಯಂತಿ, ಅಕ್ಷಯ ತೃತೀಯ ಎರಡೂ ಮೇ 10ಕ್ಕೆ. ಖರ್ಚು ಉಳಿಯುತ್ತದೆಂದು ಅಕ್ಕ ತಂಗಿ ಇಬ್ಬರನ್ನೂ ಒಂದೇ ಹಂದರದಲ್ಲಿ ಧಾರೆ ಎರೆಯುವುದು ಬರದ ವರ್ಷದಲ್ಲಿ ನಡೆಯುವ ಸಂಗತಿ. ಸಂಶಯ ಬಂದದ್ದು ಅಡುಗೆಯವರಿಗೇ. ಬಳೆ ತೊಡಿಸಲು ಕರೆಸಿದವರು ಎರಡು ಅಳತೆ ಕೊಟ್ಟಿದ್ದಾರೆ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು. ಮುಖ್ಯ ಶಿಕ್ಷಕಿ ಮತ್ತು ಎಸ್‌ಡಿಎಂಸಿಯ ಇಬ್ಬರು ಮಹಿಳಾ ಸದಸ್ಯರು ಆ ಮನೆಗೆ ಹೋದರು. ಗದರಿಸಲಿಲ್ಲ. ಚಹಾ ಕುಡಿದು, ಪ್ರೌಢಶಾಲೆಯ ಸೈಕಲ್ ದಾರಿ, ಹಾಸ್ಟೆಲ್ ಎಲ್ಲ ಮಾತಾಡಿ, ಹೊರಡುವಾಗ ಹುಡುಗಿಯ ತಂದೆಗೆ ಹೇಳಿದರು: "ಅಣ್ಣಾ, ದೊಡ್ಡವಳ ಮದುವೆಗೆ ನಾವೆಲ್ಲ ಬರುತ್ತೇವೆ. ಚಿಕ್ಕವಳದು ಕಾನೂನಿನಲ್ಲಿ ಮದುವೆಯೇ ಆಗುವುದಿಲ್ಲ. ನಾಳೆ ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಹಂದರದಲ್ಲೇ ಮರ್ಯಾದೆ ಹೋಗುತ್ತದೆ." ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ನಂತರ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂಬುದು ಆ ತಂದೆಗೆ ಗೊತ್ತಿರಲಿಲ್ಲ. ಮೇ 10ರಂದು ಒಂದೇ ಮದುವೆ ನಡೆಯಿತು. ತಂಗಿ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಿದಳು.

ರಜೆ ಶುರುವಾದ ಮೇಲೆ

ಮೊದಲ ದಿನ ರಂಜಾನ್. ಬಂದವರು ತೀರಾ ಕಡಿಮೆ. ಮೊದಲ ವಾರವೂ ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ ಮಕ್ಕಳೇ ಬಂದರು, ಅದರಲ್ಲೂ ಆರು, ಏಳನೇ ತರಗತಿಯ ಹೆಣ್ಣುಮಕ್ಕಳು ಬರಲೇ ಇಲ್ಲ. ಮನೆಯಲ್ಲಿ ಇರುವುದು ಗೋಡೆಯ ಹಾಳೆಯಿಂದ ಗೊತ್ತು, ಹಸಿದಿರುವುದೂ ಗೊತ್ತು. ಹಾಗಿದ್ದರೂ ಏಕೆ ಬರುತ್ತಿಲ್ಲ?

ವಿಚಾರಿಸಿದಾಗ ಎರಡು ಕಾರಣ ಸಿಕ್ಕವು. ತಾಯಿ ಬೆಳಗ್ಗೆಯೇ ಖಾತರಿ ಕೆಲಸಕ್ಕೆ ಹೋಗುತ್ತಾಳೆ, ಕಂಕುಳಲ್ಲಿ ತಮ್ಮನೋ ತಂಗಿಯೋ ಇದೆ, ಅದನ್ನು ಬಿಟ್ಟು ಬರುವಂತಿಲ್ಲ. ಎರಡನೆಯದನ್ನು ಒಬ್ಬ ಹುಡುಗಿ ತಲೆ ತಗ್ಗಿಸಿಕೊಂಡು ಹೇಳಿದಳು: "ಶಾಲೆ ಇಲ್ಲದಾಗ ಬರೀ ಉಣ್ಣಲು ಬರುವುದು ಹೇಗೆ, ಟೀಚರ್?" ಶಾಲೆಯ ದಿನಗಳಲ್ಲಿ ಪಾಠ, ಆಟ, ಊಟ ಎಲ್ಲ ಒಂದೇ ದಿನದ ಭಾಗ. ತಟ್ಟೆ ಹಿಡಿದು ಸಾಲಿನಲ್ಲಿ ಕೂರಲು ಯಾರಿಗೂ ಸಂಕೋಚವಿಲ್ಲ. ರಜೆಯಲ್ಲಿ ಅದೇ ತಟ್ಟೆ ಹಿಡಿದು ಓಣಿ ದಾಟುವಾಗ ಕಟ್ಟೆಯ ಮೇಲೆ ಕೂತವರು ನೋಡುತ್ತಾರೆ. ಹನ್ನೆರಡು, ಹದಿಮೂರು ವರ್ಷದ ಹುಡುಗಿಗೆ ಆ ನೋಟ ಹಸಿವಿಗಿಂತ ದೊಡ್ಡದು. ಬಿಸಿಯೂಟದ ಬಗ್ಗೆ ನಾನು ಓದಿದ ಎಷ್ಟೋ ವರದಿಗಳಲ್ಲಿ ಗ್ರಾಂ ಇದೆ, ಕ್ಯಾಲೊರಿ ಇದೆ, ಈ ಸಂಕೋಚ ಮಾತ್ರ ಇಲ್ಲ.

ಶಾಲೆ ಕಂಡುಕೊಂಡ ದಾರಿ ಸರಳ. ಊಟಕ್ಕೆ ಮುಂಚೆ ಒಂದು ಗಂಟೆ ಏನಾದರೂ ಕೆಲಸ. ಒಂದು ದಿನ ಕತೆ ಓದುವುದು, ಒಂದು ದಿನ ಗಾಳಿಪಟ ಮಾಡುವುದು, ಪಾತ್ರೆ ತೊಳೆದ ನೀರನ್ನು ಗಿಡಗಳಿಗೆ ಹಾಕುವುದು. ದೊಡ್ಡ ಹುಡುಗಿಯರಿಗೆ ಒಂದು, ಎರಡನೇ ತರಗತಿಯ ಮಕ್ಕಳಿಗೆ ಓದಿಹೇಳುವ ಜವಾಬ್ದಾರಿ. ಅವರೀಗ ಓಣಿ ದಾಟುವುದು ಪುಸ್ತಕ ಹಿಡಿದುಕೊಂಡು, ತಟ್ಟೆಗಳು ಶಾಲೆಯಲ್ಲೇ ಇರುತ್ತವೆ. ಕಂಕುಳಿನ ಕೂಸುಗಳನ್ನೂ ಕರೆತರಲು ಹೇಳಿದರು. ಕೂಸಿನ ಪಾಲಿಗೆ ಯೋಜನೆಯಲ್ಲಿ ಅಕ್ಕಿ ಇಲ್ಲವಾದ್ದರಿಂದ ಎಸ್‌ಡಿಎಂಸಿಯವರು ಊರಿನಲ್ಲೇ ಶೇಂಗಾ, ಬೆಲ್ಲ, ಸಜ್ಜೆ ಹಿಟ್ಟು ಕೂಡಿಸಿಕೊಟ್ಟರು. ಏಪ್ರಿಲ್ ಮುಗಿಯುವ ಹೊತ್ತಿಗೆ ಆ ಹುಡುಗಿಯರ ಪೈಕಿ ಹೆಚ್ಚಿನವರು ಬರತೊಡಗಿದ್ದರು.

ಮೇ 6 ಮತ್ತು 7ರಂದು ಕೊಠಡಿಗಳು ಮತಗಟ್ಟೆಗೆ ಹೋದವು. ಶಿಕ್ಷಕರೆಲ್ಲ ಬೇರೆ ಬೇರೆ ಊರುಗಳಲ್ಲಿ ಚುನಾವಣಾ ಕರ್ತವ್ಯದಲ್ಲಿದ್ದರು. ಇದು ಮೊದಲೇ ಗೊತ್ತಿದ್ದುದರಿಂದ ಆ ಎರಡು ದಿನ ಊಟವನ್ನು ಸಮುದಾಯ ಭವನಕ್ಕೆ ಸಾಗಿಸಿದರು. ಬಡಿಸುವ ಮುನ್ನ ರುಚಿ ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಎಸ್‌ಡಿಎಂಸಿಯ ಇಬ್ಬರು ತಾಯಂದಿರು ಮಾಡಿದರು.

ಎಲ್ಲ ಕಡೆಯೂ ಹೀಗೆ ಕೈಹಿಡಿಯಲಿಲ್ಲ. ಬೆಂಗಳೂರಿಗೆ ಹೋದ ಮಕ್ಕಳ ಮಟ್ಟಿಗೆ ಶಾಲೆ ಕೈಚೆಲ್ಲಿತು ಎನ್ನುವುದೇ ಸತ್ಯ. ಫೋನ್ ಮಾಡಿದಾಗ ಮಗು ಇದೆ, ಚೆನ್ನಾಗಿದೆ ಎಂಬ ಉತ್ತರ ಬರುತ್ತಿತ್ತು. ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ಮಧ್ಯಾಹ್ನ ಆ ಮಗು ಏನು ಉಂಡಿತು ಎಂಬುದನ್ನು ಯಾದಗಿರಿಯಿಂದ ತಿಳಿಯುವ ಉಪಾಯ ಇರಲಿಲ್ಲ. ಬರಪೀಡಿತ ತಾಲ್ಲೂಕಿನ ಮಗುವಿನ ಊಟದ ಹಕ್ಕು ಗುಳೆಯ ಬಸ್ಸಿನಲ್ಲಿ ಅದರ ಜತೆ ಪ್ರಯಾಣ ಮಾಡುವುದಿಲ್ಲ. ಮೇ 29ರಂದು ಶಾಲೆ ತೆರೆದಾಗ ಅವರಲ್ಲಿ ಕೆಲವರು ಬರಲಿಲ್ಲ. ಫೋನ್ ಅಂಕಣ ಇದ್ದುದರಿಂದ ಅವರು ಎಲ್ಲಿದ್ದಾರೆ ಎಂಬುದಾದರೂ ಗೊತ್ತಿತ್ತು. ಒಂದಿಬ್ಬರನ್ನು ಅಲ್ಲೇ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸುವಂತೆ ತಂದೆ ತಾಯಿಯ ಮನವೊಲಿಸಲು ಸಾಧ್ಯವಾಯಿತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈ ಊಟ ಬಂದದ್ದು ಬರ ಘೋಷಣೆಯಾದ್ದರಿಂದ. ಮಳೆ ಸುಮಾರಾಗಿ ಬಂದ ವರ್ಷದಲ್ಲೂ ಆ ಊರಿನ ತಾಯಂದಿರು ಏಪ್ರಿಲ್‌ನಲ್ಲಿ ಕೂಲಿಗೆ ಹೋಗುತ್ತಾರೆ, ಅಜ್ಜಿಯ ಒಲೆ ದಿನಕ್ಕೆ ಒಮ್ಮೆಯೇ ಉರಿಯುತ್ತದೆ. ಗುಳೆ ಹೋಗುವ ಪ್ರಮಾಣ ಹೆಚ್ಚಿರುವ ತಾಲ್ಲೂಕುಗಳಲ್ಲಿ ಬೇಸಿಗೆ ಊಟ ಪ್ರತಿವರ್ಷ ಇರಬೇಕು, ಬರದ ಪಟ್ಟಿಗೆ ಕಾಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಶಾಲೆಯಲ್ಲಿ ಗೋಡೆಯ ಹಾಳೆಗಳು ಈಗ ವಾಡಿಕೆಯಾಗಿವೆ. ಮಾರ್ಚ್‌ವರೆಗೆ ಕಾಯದೆ ಸಂಕ್ರಾಂತಿ ಮುಗಿಯುತ್ತಿದ್ದಂತೆ ಬರೆಯಲು ಕೂರುತ್ತಾರೆ, ಮೊದಲು ಅಡುಗೆಯವರನ್ನು ಕೇಳಿ, ಆಮೇಲೆ ಮನೆಗಳಿಗೆ ಹೋಗುತ್ತಾರೆ. ಅಂಕಣಗಳು ಐದಾಗಿವೆ. ಹೊಸದು: ಮಗುವಿನ ಕೈಯಲ್ಲಿ ಸಣ್ಣ ಕೂಸು ಇದೆಯೇ?